ಜೇಬಕ್ಕನ ಪಟ್ಟು

ಇಂಗ್ಲಿಷಿನಲ್ಲಿ ಒಂದು ಮಾತಿದೆ, ಸ್ಟಿಕ್ ಟು ಯುವರ್ ಗನ್ಸ್ ಅಂತ. ಪದಕ್ಕೆ ಪದ ಹಿಡಿದುಕೊಂಡು ಹೋದರೆ ನಿನ್ನ ಬಂದೂಕಿಗೆ ಅಂಟಿಕೊಂಡಿರು ಎಂದಾಗುತ್ತದೆ. ಅಂಟಿಕೊಂಡು ಮಾಡುವುದೇನು ಎಂದು ಕೇಳಿದರೆ ಉತ್ತರವಿಲ್ಲ. ನಿಘಂಟು ತೆಗೆದರೆ 'ತನ್ನ ನಿಲುವಿಗೆ ಬದ್ಧವಾಗಿರು' ಎಂಬ ಒಣ ಅರ್ಥ ಸಿಗುತ್ತದೆ, ಓದಿದ ಮರುಗಳಿಗೆಗೆ ಮರೆತೂ ಹೋಗುತ್ತದೆ. ಈ ಮಾತಿನ ನಿಜವಾದ ಅರ್ಥ ಬಲ್ಲ ಇಸ್ತ್ರಿಯವನೊಬ್ಬನಿದ್ದಾನೆ. ಇಂಗ್ಲಿಷಿನಲ್ಲಿ ಅವನಿಗೆ ಬರುವುದು ಕಾಲರ್, ಕಫ್, ಸ್ಟೀಮ್ ಇಂಥ ಹತ್ತು ಹನ್ನೆರಡು ಪದಗಳು ಅಷ್ಟೇ. ಆದರೂ ಈ ಒಂದು ಮಾತಿನ ವಿಷಯದಲ್ಲಿ ದೊಡ್ಡ ದೊಡ್ಡ ಪಂಡಿತರು ಅವನ ಕಾಲ ಬಳಿ ಕೂತು ಪಾಠ ಹೇಳಿಸಿಕೊಳ್ಳಬೇಕು.

ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವನು ಹತ್ತೊಂಬತ್ತು ವರ್ಷದಿಂದ ಇಸ್ತ್ರಿ ಮಾಡುತ್ತಿದ್ದ. ಅವನು ಪ್ಯಾಂಟಿಗೆ ಎಳೆದ ಗೆರೆ ಸೊಂಟದಿಂದ ಪಾದದವರೆಗೆ ಒಂದು ಕೂದಲೆಳೆಯಷ್ಟೂ ಅತ್ತಿತ್ತ ಹೋಗುತ್ತಿರಲಿಲ್ಲವಾದ್ದರಿಂದ ಎಲ್ಲರ ಬಾಯಲ್ಲೂ ಅವನು ಗೆರೆಯಣ್ಣ. ಒಳ್ಳೆಯ ಮನುಷ್ಯ, ಆದರೆ ಪುಕ್ಕಲ. ಮ್ಯಾನೇಜರು ಮೆಟ್ಟಿಲಿಳಿದು ಬರುವ ಬೂಟಿನ ಸದ್ದು ಕೇಳಿದರೆ ಸಾಕು, ಸರಿಯಾಗಿಯೇ ಇರುವ ಅಂಗಿಯನ್ನು ಮತ್ತೊಮ್ಮೆ ತೀಡಲು ಶುರುಮಾಡುವವನು.

ಅವನ ಮೇಜಿನಿಂದ ಇಪ್ಪತ್ತು ಹೆಜ್ಜೆ ಆಚೆಗೆ ಜೇಬಕ್ಕನ ಮೇಜು. ಕೋಣೆಗಳಿಂದ ಗೆಸ್ಟುಗಳ ಬಟ್ಟೆ ಚೀಲಗಳಲ್ಲಿ ಇಳಿದು ಬಂದಾಗ ಮೊದಲು ಬಿಚ್ಚುವವಳು ಅವಳು. ಬಟ್ಟೆ ಬೇರೆ ಮಾಡುವುದು, ಕೋಣೆಯ ನಂಬರಿನ ಚೀಟಿ ಚುಚ್ಚುವುದು, ಜೇಬು ನೋಡುವುದು ಅವಳ ಕೆಲಸ. ಅಲ್ಲಿ ಬೇರೆ ಪಾಳಿಯವರೂ ಜೇಬು ನೋಡುತ್ತಾರೆ, ಆದರೆ ಮೇಲಿಂದ ತಡವಿ ನೋಡುತ್ತಾರೆ. ಜೇಬಕ್ಕ ಹಾಗಲ್ಲ. ಪ್ರತಿಯೊಂದು ಜೇಬನ್ನೂ ಬುಡಸಮೇತ ಹೊರಗೆಳೆದು, ಮೂಲೆಯ ದೂಳು ಕೊಡವಿ, ಹಾಗೇ ಹೊರಗೆ ನೇತಾಡಲು ಬಿಟ್ಟು ಮುಂದಕ್ಕೆ ಕಳಿಸುತ್ತಿದ್ದಳು. ಸಿಕ್ಕಿದ್ದನ್ನೆಲ್ಲ ಕವರಿಗೆ ಹಾಕಿ, ಮೇಲೆ ನಂಬರು ಬರೆದು, ಕೋಣೆಗೆ ವಾಪಸ್ಸು. ಪೆನ್ನು, ಟಿಕೆಟ್ಟು, ಹಲ್ಲುಕಡ್ಡಿ, ಒಮ್ಮೆ ಒಬ್ಬರ ಕಟ್ಟಿಸಿದ ಹಲ್ಲೇ ಸಿಕ್ಕಿತ್ತು.

ಇದರಿಂದ ಎಲ್ಲರಿಗೂ ಕಿರಿಕಿರಿ. ನೇತಾಡುವ ಜೇಬುಗಳು ಮೆಷಿನ್ನಿನಲ್ಲಿ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ ಎಂದು ಮೆಷಿನ್ನಿನವನ ತಕರಾರು. ಒಂದೊಂದನ್ನೂ ಒಳಗೆ ತಳ್ಳಿ ಇಸ್ತ್ರಿ ಮಾಡಬೇಕಲ್ಲ ಎಂದು ಗೆರೆಯಣ್ಣನ ಗೊಣಗು.

"ನೋಡಾಯ್ತಲ್ಲ ಅಕ್ಕಾ, ವಾಪಸ್ ಒಳಗೆ ಹಾಕಿಬಿಟ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು ಅವನು ಎಷ್ಟೋ ಸಲ ಕೇಳಿದ್ದ.

"ಒಳಗೆ ಹಾಕಿದ್ರೆ ನೋಡಿದೀನೋ ಇಲ್ವೋ ಅಂತ ನನಗೇ ಗೊತ್ತಾಗಲ್ಲ ಕಣೋ. ನಿನ್ನ ಕೈಗೇನು ನೋವಾ? ತಳ್ಳು" ಎನ್ನುತ್ತಿದ್ದಳು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು ಇವಳು ಎಂದು ಇಡೀ ಲಾಂಡ್ರಿ ತೀರ್ಮಾನ ಮಾಡಿಯಾಗಿತ್ತು. ಗೆರೆಯಣ್ಣನೂ ಕೈಯೆತ್ತಿದವರಲ್ಲಿ ಒಬ್ಬ.

ಹೀಗಿರುವಾಗ ಒಂದು ಬೆಳಿಗ್ಗೆ ಮ್ಯಾನೇಜರು ಅವನನ್ನು ಮೇಲಕ್ಕೆ ಕರೆಸಿದರು. ಕೋಣೆ ಖಾಲಿ ಮಾಡುತ್ತಿದ್ದ ಗೆಸ್ಟ್ ಒಬ್ಬರ ದೂರು: ಹಿಂದಿನ ದಿನ ಲಾಂಡ್ರಿಗೆ ಕೊಟ್ಟ ಕಪ್ಪು ಕೋಟಿನ ಒಳಜೇಬಿನಲ್ಲಿ ತೀರಿಹೋದ ತಾಯಿಯ ಉಂಗುರವಿತ್ತು, ಕೋಟು ಬಂದಿದೆ, ಉಂಗುರ ಬಂದಿಲ್ಲ. ಆ ಮನುಷ್ಯ ಸುಳ್ಳು ಹೇಳುತ್ತಿದ್ದ ಹಾಗೆ ಕಾಣಲಿಲ್ಲ. ಅವರ ಕಣ್ಣು ಕೆಂಪಾಗಿತ್ತು. ಕೋಟನ್ನು ಕೊನೆಯದಾಗಿ ಮುಟ್ಟಿದವನು ಯಾರು ಎಂದು ನೋಡಿದರೆ ಚೀಟಿಯಲ್ಲಿ ಗೆರೆಯಣ್ಣನ ಗುರುತು.

"ಏನೇನು ಮಾಡಿದೆ ಅಂತ ಒಂದೂ ಬಿಡದೆ ಬರೆದುಕೊಡು" ಎಂದರು ಮ್ಯಾನೇಜರು.

ಅವನು ಕೂತು ಬರೆದ. ಕೋಟು ಹನ್ನೊಂದು ಗಂಟೆಗೆ ಬಂತು. ಹಬೆ ಕೊಟ್ಟೆ. ಎರಡು ಹೊರಜೇಬು, ಒಂದು ಒಳಜೇಬು ನಾನೇ ಒಳಗೆ ತಳ್ಳಿದೆ. ತೋಳು ಇಸ್ತ್ರಿ ಮಾಡಿದೆ. ಹ್ಯಾಂಗರಿಗೆ ಹಾಕಿದೆ.

ಮ್ಯಾನೇಜರು ಓದಿ, ಕನ್ನಡಕ ತೆಗೆದರು. "ಅಂದ್ರೆ ಒಳಜೇಬಿಗೆ ಕೈ ಹಾಕಿದ್ದು ನೀನೇ. ನೀನೇ ಬರೆದಿದೀಯ."

ಹತ್ತೊಂಬತ್ತು ವರ್ಷ ದಿನಕ್ಕೆ ನೂರು ಸಲ ಮಾಡಿದ ಕೆಲಸ ಕಾಗದದ ಮೇಲೆ ಹೀಗೆ ಕಾಣಬಹುದೆಂದು ಗೆರೆಯಣ್ಣನಿಗೆ ಹೊಳೆದೇ ಇರಲಿಲ್ಲ. ಹತ್ತು ದಿನದಲ್ಲಿ ಹೆಡ್ ಆಫೀಸಿನಿಂದ ವಿಚಾರಣೆಗೆ ಬರುತ್ತಾರೆ, ಅಲ್ಲಿಯವರೆಗೆ ಗೆಸ್ಟುಗಳ ಬಟ್ಟೆ ಮುಟ್ಟಬೇಡ, ಟವೆಲ್ಲು ಮಡಚಿಕೊಂಡಿರು ಎಂದು ಅಪ್ಪಣೆಯಾಯಿತು. ವಿಚಾರಣೆಯಲ್ಲಿ ತಪ್ಪೆಂದಾದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಇನ್ನೊಂದು ಹುಡುಕಬಹುದು, ಆದರೆ ಕಳ್ಳನೆಂಬ ಹೆಸರು ಹೊತ್ತವನ ಕೈಗೆ ಯಾರು ತಮ್ಮ ಬಟ್ಟೆ ಕೊಡುತ್ತಾರೆ?

ಮನೆಯಲ್ಲಿ ಅವನು ಬಾಯಿ ಬಿಡಲಿಲ್ಲ. ಆದರೆ ಸಂಜೆ ಅವನು ತನ್ನದೇ ಅಂಗಿ, ಪ್ಯಾಂಟುಗಳ ಜೇಬುಗಳನ್ನು ಒಂದೊಂದಾಗಿ ತಡಕುವುದನ್ನು ಹೆಂಡತಿ ಕಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವನು ಕದಿಯದೆಯೂ ಹೆಗಲು ಮುಟ್ಟಿಕೊಳ್ಳುವ ಜಾತಿ.

"ಏನ್ರೀ ಹುಡುಕ್ತಿದೀರಾ?"

"ಇಲ್ಲದೇ ಇರೋದನ್ನ" ಎಂದವನೇ ಕೂತು ಎಲ್ಲ ಹೇಳಿದ.

ಅತ್ತ ಮ್ಯಾನೇಜರು ಲಾಂಡ್ರಿಯವರನ್ನು ಒಬ್ಬೊಬ್ಬರನ್ನಾಗಿ ಕರೆಸುತ್ತಿದ್ದರು. ಅವರೇನು ರಾಕ್ಷಸರಲ್ಲ. ಗೆಸ್ಟ್ ಊರೆಲ್ಲ ಡಂಗುರ ಹೊಡೆಯುತ್ತಾರೆ, ಹೋಟೆಲಿನ ಹೆಸರು ಹಾಳಾಗುತ್ತದೆ ಎಂಬ ಹೆದರಿಕೆ, ಬೇಗ ಒಬ್ಬರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ಆತುರ. ಮೊದಲ ದಿನ 'ಕೋಟಿನ ಜೇಬು ಹೊರಗಿತ್ತು ಸಾರ್' ಎಂದಿದ್ದ ಮೆಷಿನ್ನಿನವನು ಮೂರನೇ ದಿನಕ್ಕೆ 'ಸರಿಯಾಗಿ ನೆನಪಿಲ್ಲ' ಎಂದು ಸಹಿ ಹಾಕಿದ. ಚೀಟಿ ಬಿಚ್ಚುವ ಹೆಂಗಸೂ ಗಾಳಿ ಬಂದ ಕಡೆ ತೂರಿಕೊಂಡಳು. ಉಳಿದವಳು ಜೇಬಕ್ಕ.

ಅವಳ ಮುಂದೆಯೂ ಟೈಪ್ ಮಾಡಿದ ಹಾಳೆ ಇಟ್ಟರು. 'ಆ ದಿನ ಆ ಕೋಟಿನ ಜೇಬು ನೋಡಿದ್ದು ನನಗೆ ಖಚಿತವಾಗಿ ನೆನಪಿಲ್ಲ.' ಅಷ್ಟೇ, ಒಂದೇ ಸಾಲು.

"ಇದರಲ್ಲಿ ನಿಮ್ಮ ತಪ್ಪೇನೂ ಬರಲ್ಲಮ್ಮ. ದಿನಕ್ಕೆ ಮುನ್ನೂರು ಬಟ್ಟೆ, ಯಾರಿಗೆ ನೆನಪಿರುತ್ತೆ? ಸೈನ್ ಮಾಡಿ, ಹೋಗಿ ಟೀ ಕುಡೀರಿ."

"ನನ್ನ ಮೇಜಿಂದ ಜೇಬು ನೋಡದೆ ಬಟ್ಟೆ ಹೋಗಲ್ಲ ಅಂತ ಬರೀರಿ ಸಾರ್. ಸೈನ್ ಏನು, ಹತ್ತೂ ಬೆರಳಿನ ಗುರುತು ಒತ್ತುತೀನಿ."

"ಯೋಚನೆ ಮಾಡಿ. ಉಂಗುರ ಇತ್ತು ಅಂತ ಗೆಸ್ಟೇ ಹೇಳ್ತಿದಾರೆ. ಜೇಬು ನೋಡಿದ್ದು ನೀವು ಅಂದ್ರೆ ನಾಳೆ ಬೊಟ್ಟು ನಿಮ್ಮ ಕಡೆನೂ ತಿರುಗಬಹುದು."

"ತಿರುಗಲಿ ಬಿಡಿ. ನಾನೆಲ್ಲೂ ಓಡಿಹೋಗಲ್ಲ, ಮಂಡಿ ನೋವು."

ಮರುದಿನದಿಂದ ಅವಳನ್ನು ಒದ್ದೆ ಕೋಣೆಗೆ ಹಾಕಿದರು. ದೊಡ್ಡ ಮೆಷಿನ್ನುಗಳಿಂದ ನೀರು ಸೋರುವ ಹಾಸಿಗೆ ಬಟ್ಟೆಗಳನ್ನು ಎಳೆದು ಗಾಡಿಗೆ ತುಂಬುವ ಕೆಲಸ, ದಿನವಿಡೀ ರಬ್ಬರ್ ಬೂಟು, ಪಾದದಡಿ ತಣ್ಣೀರು. ಐವತ್ತಾರರ ಹೆಂಗಸು. ಶಿಕ್ಷೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಕೆಲಸಗಾರರು ಕಡಿಮೆ ಎಂದರು.

ಗೆರೆಯಣ್ಣ ಟವೆಲ್ಲು ಮಡಚುವ ಜಾಗದಿಂದ ಬಾಗಿಲ ಕಿಂಡಿಯಲ್ಲಿ ಅವಳು ಕಾಣುತ್ತಿದ್ದಳು. ಒಂದು ಕೈ ಗಾಡಿಯ ಮೇಲಿಟ್ಟು, ಇನ್ನೊಂದರಲ್ಲಿ ಮಂಡಿ ಒತ್ತಿಕೊಂಡು, ಮತ್ತೆ ಬಗ್ಗಿ ಎಳೆಯುವುದು. ಎರಡು ದಿನ ನೋಡಿದ. ಮೂರನೇ ದಿನ ತಡೆಯಲಾರದೆ ಊಟದ ಬಿಡುವಿನಲ್ಲಿ ಒಳಗೆ ಹೋದ.

"ಅಕ್ಕಾ, ಸೈನ್ ಮಾಡಿಬಿಡು. ನನ್ನ ಹಣೆಬರಹ ಇದ್ದ ಹಾಗಾಗುತ್ತೆ. ನನಗೋಸ್ಕರ ನೀನು ಯಾಕೆ ಈ ವಯಸ್ಸಲ್ಲಿ ನೀರಲ್ಲಿ ನೆನೀಬೇಕು?"

ಅವಳು ಹಿಂಡುತ್ತಿದ್ದ ಬಟ್ಟೆಯನ್ನು ಗಾಡಿಗೆ ಎಸೆದಳು. "ನಿನಗೋಸ್ಕರ ಅಂತ ಯಾರು ಹೇಳಿದ್ರು ನಿನಗೆ?"

"ಅಲ್ಲ, ಎಲ್ರೂ ನೆನಪಿಲ್ಲ ಅಂತ..."

"ಎಲ್ರೂ ಬಾವಿಗೆ ಬಿದ್ರೆ ನಾನೂ ಬೀಳ್ಬೇಕಾ? ಇಪ್ಪತ್ತೆರಡು ವರ್ಷ ಜೇಬು ನೋಡಿದೀನಿ. ಈಗ ಒಂದು ಗೀಟು ಹಾಕಿ, ನೋಡಿದೀನೋ ಇಲ್ವೋ ಗೊತ್ತಿಲ್ಲ ಅಂದ್ರೆ, ಅಷ್ಟೂ ವರ್ಷ ನಾನೇನು ಕತ್ತೆ ಕಾಯ್ತಿದ್ನಾ? ಹೋಗು, ಟವೆಲ್ ಮಡಚು. ಕೋಣೆಯೊಳಗೆ ಚಪ್ಪಲೀಲಿ ಬಂದಿದೀಯ, ಜಾರಿ ಬಿದ್ದರೆ ಅದಕ್ಕೂ ನಾನೇ ಸಾಕ್ಷಿ ಹೇಳ್ಬೇಕು."

ಬೈಸಿಕೊಂಡು ಹೊರಗೆ ಬಂದವನಿಗೆ ಯಾಕೋ ಇಷ್ಟು ದಿನಗಳಲ್ಲಿ ಮೊದಲ ಸಲ ಹಸಿವಾಯಿತು.

ವಿಚಾರಣೆಗೆ ಬಂದ ಮೇಡಂ ಸಣ್ಣ ದನಿಯವರು, ಕೈಯಲ್ಲಿ ಒಂದು ದಪ್ಪ ನೋಟ್‌ಬುಕ್ಕು. ಮ್ಯಾನೇಜರ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಕಾಗದಗಳನ್ನೆಲ್ಲ ಓದಿದರು. ಕೊನೆಗೆ ಜೇಬಕ್ಕನ ಕಡೆ ತಿರುಗಿದರು.

"ಆ ಕೋಟು ನಿಮಗೆ ನೆನಪಿದೆಯಾ?"

"ಇಲ್ಲ ಮೇಡಂ."

ಮ್ಯಾನೇಜರು ಕುರ್ಚಿಗೆ ಒರಗಿ ಆರಾಮಾದರು.

"ನೆನಪಿಲ್ಲ ಅಂದ ಮೇಲೆ ಜೇಬು ಖಾಲಿ ಇತ್ತು ಅಂತ ಹೇಗೆ ಹೇಳ್ತೀರಿ?"

"ಕೋಟು ನೆನಪಿಲ್ಲ ಮೇಡಂ. ನಾನು ಕೆಲಸ ಮಾಡೋ ರೀತಿ ನೆನಪಿದೆ."

"ಹೋಗಲಿ, ಇವರು ಹೇಗೆ?" ಮೇಡಂ ಗೆರೆಯಣ್ಣನತ್ತ ಪೆನ್ನು ತೋರಿಸಿದರು. "ಜೊತೇಲಿ ಇಷ್ಟು ವರ್ಷ ಕೆಲಸ ಮಾಡಿದೀರಿ. ನಂಬಿಕಸ್ಥರಾ?"

ಗೆರೆಯಣ್ಣ ಆಸೆಯಿಂದ ಅವಳ ಮುಖ ನೋಡಿದ. ಚಿನ್ನದಂಥ ಮನುಷ್ಯ, ಇರುವೆಗೂ ನೋವು ಮಾಡದವನು, ಇಂಥದ್ದೇನಾದರೂ ಹೇಳುತ್ತಾಳೆಂದು.

"ಅದನ್ನ ನಾನು ಹೇಗೆ ಹೇಳ್ಲಿ ಮೇಡಂ? ಅವನ ಮನಸ್ಸು ಬಿಚ್ಚಿ ನೋಡಿಲ್ಲ. ನನಗೆ ಗೊತ್ತಿರೋದು ಜೇಬು."

ಒಂದು ಒಳ್ಳೆಯ ಮಾತು ಆಡಿದ್ದರೆ ಇವಳ ನಾಲಿಗೆ ಸವೆದುಹೋಗುತ್ತಿತ್ತೇ? ಅಕ್ಕ ಅಂತ ಕರೆದದ್ದಕ್ಕೆ ಇಷ್ಟೇನಾ ಎಂದು ಒಂದು ಗಳಿಗೆ, ಒಂದೇ ಗಳಿಗೆ, ಗೆರೆಯಣ್ಣನಿಗೆ ಅವಳ ಮೇಲೆ ಸಿಟ್ಟು ಬಂತು.

"ಆದ್ರೆ ಮೇಡಂ," ಎಂದಳು ಜೇಬಕ್ಕ, "ಇವನು ಮೊದಲನೇ ದಿನ ಏನು ಬರೆದಿದಾನೆ, ಅದನ್ನ ಇನ್ನೊಂದು ಸಲ ಓದ್ತೀರಾ?"

ಮೇಡಂ ಹಾಳೆ ಹುಡುಕಿ ಓದಿದರು. ಎರಡು ಹೊರಜೇಬು, ಒಂದು ಒಳಜೇಬು ನಾನೇ ಒಳಗೆ ತಳ್ಳಿದೆ.

"ಒಳಗೆ ಇರೋ ಜೇಬನ್ನ ಯಾರಾದ್ರೂ ಒಳಗೆ ತಳ್ತಾರಾ? ಅದು ಹೊರಗೆ ನೇತಾಡ್ತಿತ್ತು, ಅದಕ್ಕೇ ತಳ್ಳಿದಾನೆ. ಹೊರಗೆ ಎಳೆದೋಳು ನಾನು. ಬುಡಮೇಲಾಗಿ ನೇತಾಡೋ ಜೇಬಲ್ಲಿ ಉಂಗುರ ನಿಲ್ಲುತ್ತಾ ಮೇಡಂ? ಒಂದು ಸಾಸಿವೆ ಕಾಳು ನಿಲ್ಲಲ್ಲ. ಅವನ ಮೇಜಿಗೆ ಹೋದಾಗ ಆ ಜೇಬು ಖಾಲಿ. ಇನ್ನು, ನಾನು ಎಳೆದಾಗ ಉಂಗುರ ಇತ್ತಾ ಅಂತ ಕೇಳ್ಬೇಕು ಅಂದ್ರೆ ನನ್ನ ಕೇಳಿ. ಇವನನ್ನ ಬಿಟ್ಟುಬಿಡಿ."

ತನ್ನ ತಲೆ ತಗ್ಗಿಸಿದ್ದ ಸಾಲೇ ತನ್ನನ್ನು ಎತ್ತಿ ನಿಲ್ಲಿಸುತ್ತಿರುವುದು ಗೆರೆಯಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅದಕ್ಕಿಂತ ಮುಂಚೆ ಅರ್ಥವಾದದ್ದು ಇನ್ನೊಂದು. ಅವನ ಮೇಲಿದ್ದ ಬೊಟ್ಟನ್ನು ಅವಳು ತನ್ನ ಕೈಯಾರೆ ತನ್ನ ಕಡೆಗೆ ತಿರುಗಿಸಿಕೊಂಡಿದ್ದಳು.

"ನಡೀರಿ, ಕೆಳಗೆ ಹೋಗಿ ನೋಡೋಣ" ಎಂದು ಮೇಡಂ ಎದ್ದರು.

ಕೆಳಗೆ ಜೇಬಕ್ಕನ ಜಾಗದಲ್ಲಿ ಆ ದಿನಗಳಲ್ಲಿ ಬೇರೆಯವಳು ಕೂತಿದ್ದಳು, ಹಾಗಾಗಿ ಹೊಸ ಬಟ್ಟೆಗಳಲ್ಲಿ ನೋಡಲು ಏನೂ ಇರಲಿಲ್ಲ. ಆದರೆ ಗೋಡೆಯ ಬದಿಯ ಕಂಬಿಯಲ್ಲಿ, ಅವಳು ಒದ್ದೆ ಕೋಣೆಗೆ ಹೋಗುವ ಹಿಂದಿನ ದಿನ ಬರೀ ಇಸ್ತ್ರಿಗೆಂದು ವಿಂಗಡಿಸಿ ಕಳಿಸಿದ್ದ ಆಫೀಸಿನವರ ಬಟ್ಟೆಗಳು ಇನ್ನೂ ಇಸ್ತ್ರಿಯಾಗದೆ ತೂಗುತ್ತಿದ್ದವು. ಗೆಸ್ಟುಗಳ ಬಟ್ಟೆಗೆ ಆತುರ, ಆಫೀಸಿನವರದಕ್ಕೆ ಏನು ಆತುರ? ಮೇಡಂ ಒಂದೊಂದನ್ನೇ ಸರಿಸುತ್ತ ಹೋದರು. ಹದಿನಾಲ್ಕು ಉಡುಪು, ಹದಿನಾಲ್ಕಕ್ಕೂ ಎಲ್ಲ ಜೇಬುಗಳೂ ಹೊರಗೆ. ಕೊನೆಯದು ಬೂದು ಬಣ್ಣದ ಕೋಟು. ಅದರ ಚೀಟಿಯಲ್ಲಿದ್ದದ್ದು ಮ್ಯಾನೇಜರ ಗುರುತು, ಚೀಟಿಯ ಜೊತೆಗೇ ಪಿನ್ನು ಚುಚ್ಚಿದ ಕವರು.

ಮೇಡಂ ಕವರು ಬಿಚ್ಚಿದರು. ಒಂದು ಬಾಚಣಿಗೆ, ಮ್ಯಾನೇಜರು ವಾರದಿಂದ ಮನೆಯವರ ಮೇಲೆಲ್ಲ ಹಾರಾಡಿ ಹುಡುಕಿಸಿದ್ದ ಬೀರುವಿನ ಬೀಗದ ಕೈ.

ಮ್ಯಾನೇಜರ ಮುಖ ಹುಳ್ಳಗಾಯಿತು. ಮೆಷಿನ್ನಿನವನು ಕೆಮ್ಮಿದ ಹಾಗೆ ಮಾಡಿ ನಗು ನುಂಗಿಕೊಂಡ. ಬಳಿಕ ಅವನೇ ಮುಂದೆ ಬಂದು, "ಮೇಡಂ, ಜೇಬು ಹೊರಗಿತ್ತು. ನಾನು ಹೆದರಿ ನೆನಪಿಲ್ಲ ಅಂದೆ" ಎಂದ. ಒಬ್ಬರು ನೆಟ್ಟಗೆ ನಿಂತರೆ ಪಕ್ಕದವರ ಬೆನ್ನುಮೂಳೆಗೂ ತನ್ನ ಕೆಲಸ ನೆನಪಾಗುತ್ತದೆ.

ಉಂಗುರ ಕೊನೆಗೂ ಸಿಗಲಿಲ್ಲ. ಎಲ್ಲಿ ಬಿತ್ತೋ, ಯಾವ ಪೆಟ್ಟಿಗೆಯ ಸಂದಿಯಲ್ಲಿ ಕೂತಿದೆಯೋ, ಈ ಕಥೆಗೂ ಗೊತ್ತಿಲ್ಲ. ನಾಲ್ಕು ದಿನಗಳ ನಂತರ ಗೆರೆಯಣ್ಣನ ಕೈಗೆ ಹೆಡ್ ಆಫೀಸಿನ ಇಂಗ್ಲಿಷ್ ಕಾಗದ ಬಂತು. ನೋ ಫಾಲ್ಟ್ ಎಂಬಷ್ಟು ಅವನಿಗೇ ತಿಳಿಯಿತು, ಹಾಲು ಕುಡಿದಷ್ಟು ಸಂತೋಷವೂ ಆಯಿತು. ಆದರೆ ಕೆಳಗಿನ ಸಾಲಿನಲ್ಲಿ ಜೇಬಕ್ಕನ ವಿಷಯ, ಅದರ ಪಕ್ಕದಲ್ಲಿ ಗನ್ಸ್!

"ಬಂದೂಕಾ? ಅಕ್ಕನ ಹತ್ರ?" ಎಂದು ಮೆಷಿನ್ನಿನವನು ಕಣ್ಣರಳಿಸಿದ. "ಅದಕ್ಕೇ ಮ್ಯಾನೇಜರು ಅಷ್ಟು ಮೆತ್ತಗಾಗಿದ್ದು."

ಗೆರೆಯಣ್ಣನಿಗೆ ತಮಾಷೆ ಮಾಡುವಷ್ಟು ಧೈರ್ಯವಿರಲಿಲ್ಲ. ಅಕ್ಕನಿಗೆ ಏನಾದರೂ ಹೊಸ ಗ್ರಹಚಾರವೇ ಎಂದು ಕಾಗದವನ್ನು ಮನೆಗೊಯ್ದು ಹೈಸ್ಕೂಲಿನಲ್ಲಿ ಓದುವ ಮಗಳಿಗೆ ಕೊಟ್ಟ. ಅವಳು ಓದಿ ನಕ್ಕುಬಿಟ್ಟಳು.

"ಅಪ್ಪಾ, ಇದು ಹೊಗಳಿಕೆ. ಹಳೇ ಕಾಲದ ಯುದ್ಧದಲ್ಲಿ ಶತ್ರು ಮೈಮೇಲೆ ಬಂದಾಗ ಎಷ್ಟೋ ಜನ ತೋಪು ಬಿಟ್ಟು ಓಡಿಹೋಗೋರಂತೆ. ಓಡದೆ ಅಲ್ಲೇ ನಿಂತೋರ ಮೇಲೆ ಬಂದ ಮಾತು ಅಂತ ನಮ್ಮ ಟೀಚರ್ ಹೇಳಿದಾರೆ. ಎಲ್ರೂ ಒತ್ತಾಯ ಮಾಡಿದ್ರೂ, ಹೆದರಿಸಿದ್ರೂ ತನ್ನ ಮಾತಿಂದ ಜಗ್ಗದೇ ಇರೋದು."

"ಹಾಗಾದ್ರೆ ಹಠ ಅಂತ ಅರ್ಥ."

"ಹಠ ಅಲ್ಲಪ್ಪ. ಹಠ ಅಂದ್ರೆ ಬೈದ ಹಾಗಾಯ್ತು. ಇದನ್ನ ಮೆಚ್ಚಿಕೊಂಡು ಹೇಳ್ತಾರೆ. ತಾನು ಹೇಳ್ತಿರೋದು ಸರಿ ಅಂತ ಗೊತ್ತಿದ್ದು ಪಟ್ಟು ಬಿಡದೇ ಇರೋರಿಗೆ."

ಗೆರೆಯಣ್ಣ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಯೋಚಿಸಿದ. ಇಷ್ಟು ವರ್ಷ ಆ ಹೆಂಗಸಿನ ಮೊಲಕ್ಕೆ ಮೂರೇ ಕಾಲು ಎಂದು ನಕ್ಕವನು ತಾನು. ಅವಳು ಮಾತ್ರ ನಾಲ್ಕೂ ಕಾಲನ್ನು ಮುಟ್ಟಿ ಎಣಿಸಿ ಆಮೇಲೆ ನಾಲ್ಕು ಎನ್ನುವವಳು. ಗೊತ್ತಿರುವುದನ್ನು ಗೊತ್ತು ಎಂದಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು. ನನ್ನನ್ನು ಚಿನ್ನ ಎಂದು ಹೊಗಳಿದ್ದರೆ ಮೇಡಂ ಅವಳನ್ನು ನನ್ನ ಕಡೆಯವಳು ಎಂದು ಪಕ್ಕಕ್ಕಿಡುತ್ತಿದ್ದರು ಎಂಬುದು ಅವನಿಗೆ ಈಗ ಹೊಳೆಯಿತು. ಅಂದು ಬಂದ ಸಿಟ್ಟನ್ನು ನೆನೆದು ನಾಚಿಕೆಯಾಯಿತು.

"ನಾಳೆ ಹೋಗಿ ಆ ತಾಯಿಗೆ ಕೈಮುಗಿದು ಬನ್ನಿ. ಅವರ ಹೊಟ್ಟೆ ತಣ್ಣಗಿರಲಿ" ಎಂದಳು ಹೆಂಡತಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು.

ಮರುದಿನ ಬೆಳಿಗ್ಗೆ ಪಾಳಿ ಶುರುವಾಗುವ ಅರ್ಧ ಗಂಟೆ ಮೊದಲೇ ಅವನು ಹೋದ. ಜೇಬಕ್ಕ ಮತ್ತೆ ತನ್ನ ಮೇಜಿಗೆ ಬಂದಿದ್ದಳು, ಕಾಲಿಗೆ ಒಣ ಚಪ್ಪಲಿ. ಅವನು ಕಾಗದ ತೆಗೆದು, ಮಗಳು ಹೇಳಿಕೊಟ್ಟ ಅರ್ಥವನ್ನು ಒಂದೂ ಬಿಡದೆ ಒಪ್ಪಿಸಿದ. ತೋಪು, ಯುದ್ಧ, ಓಡಿಹೋದವರು, ನಿಂತವರು.

"ನಾನೆಲ್ಲಿ ನಿಂತೆ? ಮಂಡಿ ನೋವು ಅಂತ ಕೂತೇ ಹೇಳಿದ್ದು" ಎಂದಳು ಅವಳು. ಆದರೂ ಕಾಗದವನ್ನು ಇಸಿದುಕೊಂಡು, ತನ್ನ ಹೆಸರಿದ್ದ ಸಾಲನ್ನು ಒಮ್ಮೆ ದೂರ, ಒಮ್ಮೆ ಹತ್ತಿರ ಹಿಡಿದು ನೋಡಿದಳು.

"ಅಕ್ಕಾ, ಒಂದು ಮಾತು ಕೇಳ್ತೀನಿ, ಬೈಬೇಡ. ಅವತ್ತು ಮೇಡಂ ಕೇಳಿದ್ರಲ್ಲ, ನಾನು ನಂಬಿಕಸ್ಥನಾ ಅಂತ. ನಿನ್ನ ಮನಸ್ಸಲ್ಲಿ ಏನಿತ್ತು?"

"ನಂಬದೇ ಇರೋಕೆ ನನಗೇನು ಹುಚ್ಚಾ? ಗೆರೆ ಒಂದು ಕೂದಲು ಆಚೆ ಹೋದ್ರೆ ಊಟ ಬಿಡೋನು ನೀನು. ನಂಬ್ತೀನಿ. ಆದ್ರೆ ಅದು ಬೇರೆ ಮಾತು."

"ಬೇರೆ ಹೇಗೆ?"

ಅವಳು ಹೊಸ ಚೀಲದ ದಾರ ಬಿಚ್ಚುತ್ತ, ಅವನ ಕಡೆ ನೋಡದೆಯೇ ಹೇಳಿದಳು. "ನೀನು ನನ್ನ ತಮ್ಮ ಅಂತ ನಾನು ಹೇಳಿದ್ದಲ್ಲ ಕಣೋ. ನೀನು ನನ್ನ ಆಜನ್ಮ ಶತ್ರು ಆಗಿದ್ರೂ ಆ ಜೇಬು ಖಾಲಿನೇ ಇರ್ತಿತ್ತು."

ಗೆರೆಯಣ್ಣ ಆ ಮಾತನ್ನು ಮನಸ್ಸಿನಲ್ಲೇ ತೂಗಿ ನೋಡಿದ. ಯಾರೋ ಪ್ರೀತಿಯಿಂದ ಕೊಟ್ಟದ್ದನ್ನು ಇನ್ನೊಂದು ದಿನ ಸಿಟ್ಟಿನಿಂದ ಕಿತ್ತುಕೊಳ್ಳಬಹುದು. ಈ ಸಾಕ್ಷಿಯನ್ನು ಯಾರೂ ಕಿತ್ತುಕೊಳ್ಳಲಾರರು, ಜೇಬಕ್ಕನೂ ಕೂಡ. ಈ ಲಾಂಡ್ರಿಯಲ್ಲಿ ಯಾರ ಮೇಲೆ ನಾಳೆ ಯಾವ ಬೊಟ್ಟು ತಿರುಗಿದರೂ, ಅವಳಿಗೆ ಅವರು ಬೇಕಾದವರೋ ಬೇಡದವರೋ, ಅವಳು ತನಗೆ ಗೊತ್ತಿರುವುದನ್ನಷ್ಟೇ ಹೇಳುತ್ತಾಳೆ. ಅಂಥವಳ ಪಕ್ಕದಲ್ಲಿ ತಾನು ಹತ್ತೊಂಬತ್ತು ವರ್ಷ ಗೊಣಗುತ್ತ ಕೆಲಸ ಮಾಡಿದೆನಲ್ಲ ಎನಿಸಿತು ಅವನಿಗೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಉಪಕಾರದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಅಕ್ಕಾ..." ಎಂದು ಕೈಮುಗಿದ. ಕಣ್ಣಲ್ಲಿ ನೀರು ತುಂಬಿ ಕೆನ್ನೆಗಿಳಿಯಿತು.

"ಸರಿ ಸರಿ," ಎಂದಳು ಅವಳು, ತನ್ನ ದನಿಯೂ ಸ್ವಲ್ಪ ಒಡೆದದ್ದನ್ನು ಮುಚ್ಚಿಕೊಳ್ಳಲು ಗದರಿಸುತ್ತ, "ಅಳೋದಾದ್ರೆ ಆ ಕಡೆ ಹೋಗಿ ಅಳು. ಇಲ್ಲಿ ಬಿಳೀ ಬಟ್ಟೆ ಇದಾವೆ."